ಯಾವ ಗಾಡಿ ಇಷ್ಟ ಅಂತ ಕೇಳಿ ನೋಡಿ

ಒಳ್ಳೆಯ ಕಾರು ಯಾವುದು ಅಂತ ಕೇಳಿದರೆ ಜನ ಲೆಕ್ಕ ಹೇಳುತ್ತಾರೆ. ಮೈಲೇಜ್ ಎಷ್ಟು, ಏರ್‌ಬ್ಯಾಗ್ ಎಷ್ಟು, ಡಿಕ್ಕಿಯಲ್ಲಿ ಜಾಗ ಎಷ್ಟು, ಮುಂದೆ ಮಾರುವಾಗ ಕೈಗೆ ಏನು ಬರುತ್ತದೆ. ಅದೇ ಮನುಷ್ಯನಿಗೆ, ನೀವು ಓಡಿಸಿದ್ದರಲ್ಲಿ ತುಂಬಾ ಇಷ್ಟವಾದ ಕಾರು ಯಾವುದು ಅಂತ ಕೇಳಿ ನೋಡಿ. ಮಾತಿನ ಧಾಟಿಯೇ ಬದಲಾಗುತ್ತದೆ. ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಎಡಗೈಯೋ ಬಲಗೈಯೋ ತಾನಾಗಿ ಗಾಳಿಯಲ್ಲಿ ಒಂದು ಗೇರ್ ಹಾಕುತ್ತದೆ.

ಸಿಕ್ಕಸಿಕ್ಕವರಿಗೆಲ್ಲ ಈ ಪ್ರಶ್ನೆ ಕೇಳುವ ಚಟ ನನಗಿದೆ. ಬರುವ ಉತ್ತರಗಳಲ್ಲಿ ದುಬಾರಿ ಕಾರು ಅಪರೂಪ. ವೇಗದ ಕಾರು ಅದಕ್ಕಿಂತ ಅಪರೂಪ. ಹೆಚ್ಚಿನವರು ಹೇಳುವುದು ಯಾವುದೋ ಸಣ್ಣ ಗಾಡಿ, ಬಹಳ ಸಲ ಸೆಕೆಂಡ್ ಹ್ಯಾಂಡ್, ಸಾಮಾನ್ಯವಾಗಿ ಒಂದಲ್ಲ ಒಂದು ಊನ ಇದ್ದದ್ದು. ತಮಾಷೆ ಏನಂದರೆ ಅವರು ಮೊದಲು ಹೇಳುವುದೇ ಆ ಊನವನ್ನು. "ಹಿಂದಿನ ಬಾಗಿಲು ಸ್ವಲ್ಪ ಎತ್ತಿ ಎಳೆದರೆ ಮಾತ್ರ ಮುಚ್ಚುತ್ತಿತ್ತು." "ಚಳಿಯಲ್ಲಿ ಚೋಕ್ ಎಳೆದು ಕಾಯಬೇಕಿತ್ತು, ಬೇರೆ ಯಾರ ಕೈಯಲ್ಲೂ ಸ್ಟಾರ್ಟ್ ಆಗ್ತಿರಲಿಲ್ಲ." ಹೇಳುವಾಗ ದೂರಿನ ಛಾಯೆ ಇರುವುದಿಲ್ಲ. ಹೆಮ್ಮೆ ಇರುತ್ತದೆ.

ಇದಕ್ಕೆ ಎಲ್ಲರೂ ಕೊಡುವ ಕಾರಣ ಒಂದೇ. ಆಗ ವಯಸ್ಸು ಚಿಕ್ಕದಿತ್ತು, ಅದಕ್ಕೇ ಎಲ್ಲವೂ ಚೆನ್ನಾಗಿ ಕಾಣುತ್ತದೆ ಅಂತ. ಅದರಲ್ಲಿ ನಿಜ ಇಲ್ಲ ಅಂತಲ್ಲ. ಆದರೆ ಆ ವಯಸ್ಸಿನಲ್ಲಿ ನಾವು ಬಳಸಿದ ವಾಷಿಂಗ್ ಮೆಷಿನ್ನನ್ನು ಯಾರೂ ಹೀಗೆ ನೆನೆಯುವುದಿಲ್ಲವಲ್ಲ? ಮತ್ತೆ ಈಗಿನ ಇಪ್ಪತ್ತರ ಹುಡುಗ ಹುಡುಗಿಯರು ತಾವು ಹುಟ್ಟುವುದಕ್ಕೂ ಮುಂಚಿನ ಕಾರುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಅವರಿಗೆ ಆ ಕಾಲದ ನೆನಪೇ ಇಲ್ಲ. ಹಾಗಾಗಿ ಕಾರಣ ಬರೀ ನಮ್ಮ ತಲೆಯೊಳಗಿಲ್ಲ, ಗಾಡಿಯೊಳಗೂ ಇದೆ ಅನ್ನುವುದು ನನ್ನ ವಾದ. ಜನ ಪ್ರೀತಿಯಿಂದ ನೆನೆಯುವ ಕಾರುಗಳು ಓಡಿಸುವವನ ಪಾಲಿಗೆ ಒಂದಷ್ಟು ಕೆಲಸ ಉಳಿಸಿದ್ದವು. ಆ ಕೆಲಸ ಹೇಗೆ ಮಾಡುತ್ತಿದ್ದೀಯ ಅಂತ ಅಲ್ಲೇ, ಆಗಲೇ ಹೇಳುತ್ತಿದ್ದವು.

ನನ್ನ ಮೊದಲ ಗಾಡಿ ಒಂದು ಪುಟ್ಟ ಹ್ಯಾಚ್‌ಬ್ಯಾಕ್. ಪವರ್ ಸ್ಟೀರಿಂಗ್ ಇರಲಿಲ್ಲ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಬೇಕೆಂದರೆ ಭುಜವೇ ಬೇಕಿತ್ತು. ಆದರೆ ಗಾಡಿ ಒಮ್ಮೆ ಉರುಳತೊಡಗಿದರೆ ಆ ಭಾರ ಎಲ್ಲಿ ಹೋಯಿತೋ ಗೊತ್ತಾಗುತ್ತಿರಲಿಲ್ಲ. ಡಾಂಬರು ಎಲ್ಲಿ ನುಣುಪಾಗಿದೆ, ಎಲ್ಲಿ ಸಣ್ಣ ಜಲ್ಲಿ ಚೆಲ್ಲಿದೆ, ಮಳೆ ನೀರು ಎಲ್ಲಿ ನಿಂತಿದೆ, ಎಲ್ಲವೂ ಕೈಗೆ ತಿಳಿಯುತ್ತಿತ್ತು. ಕತ್ತಲಲ್ಲಿ ಕಣ್ಣಿಗೆ ಕಾಣುವ ಮೊದಲೇ ಕೈಗೆ ಗೊತ್ತಾಗುತ್ತಿತ್ತು. ಆಮೇಲೆ ಓಡಿಸಿದ ಎಷ್ಟೋ ಕಾರುಗಳು ಎಲ್ಲ ವಿಷಯದಲ್ಲೂ ಅದಕ್ಕಿಂತ ಮೇಲು. ಈ ಒಂದನ್ನು ಬಿಟ್ಟು.

ಯಾಕೆ ಹೀಗೆ ಅಂತ ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಟೈರಿನ ವಿಷಯ ಓದಿದಾಗ ಅರ್ಥವಾಯಿತು. ಸ್ವಲ್ಪ ಸಾವಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಗುಟ್ಟು ಇಲ್ಲಿದೆ.

ಟೈರು ರಸ್ತೆಯನ್ನು ಮುಟ್ಟುವ ಜಾಗ ಹೆಚ್ಚುಕಮ್ಮಿ ನಮ್ಮ ಅಂಗೈಯಷ್ಟು. ತಿರುವಿನಲ್ಲಿ ಚಕ್ರ ತಿರುಗಿಸಿದಾಗ ಆ ಅಂಗೈಯಷ್ಟು ರಬ್ಬರು ತಿರುಚಿಕೊಳ್ಳುತ್ತದೆ. ಮುಂಭಾಗ ರಸ್ತೆಗೆ ಆಗಷ್ಟೇ ತಗುಲಿರುತ್ತದೆ, ಹಿಂಭಾಗ ಜಾಸ್ತಿ ಎಳೆದುಕೊಂಡಿರುತ್ತದೆ. ಹಾಗಾಗಿ ಗಾಡಿಯನ್ನು ತಿರುವಿನೊಳಗೆ ತಳ್ಳುವ ಬಲ ಸರಿಯಾಗಿ ನಡುವಿನಲ್ಲಿ ಬೀಳದೆ ತುಸು ಹಿಂದೆ ಬೀಳುತ್ತದೆ. ಈ ಹಿಂದೆ ಬೀಳುವ ಬಲ ಚಕ್ರವನ್ನು ಮತ್ತೆ ನೆಟ್ಟಗೆ ಮಾಡಲು ನೋಡುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ಭಾರವಾಗುವುದು, ಕೈ ಸಡಿಲಿಸಿದರೆ ತಾನಾಗಿ ವಾಪಸ್ ಬರುವುದು ಬಹುಮಟ್ಟಿಗೆ ಇದರಿಂದಲೇ. ಇನ್ನು ಟೈರಿನ ಹಿಡಿತ ಮುಗಿಯುತ್ತಾ ಬಂದಾಗ ಮೊದಲು ಜಾರುವುದು ಆ ಎಳೆದುಕೊಂಡ ಹಿಂಭಾಗ. ಆಗ ಬಲ ಬೀಳುವ ಜಾಗ ಮುಂದಕ್ಕೆ ಸರಿಯುತ್ತದೆ, ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಗಮನಿಸಿ, ಹಿಡಿತ ಪೂರ್ತಿ ಹೋಗುವ ಮೊದಲೇ ಹಗುರವಾಗುತ್ತದೆ. ಅಂದರೆ ಮುಂದಿನ ಟೈರು "ಇನ್ನು ನನ್ನ ಕೈಲಿ ಆಗಲ್ಲ" ಅಂತ ಮುಂಚಿತವಾಗಿ ಹೇಳುತ್ತಿದೆ. ಕೇಳಿಸಿಕೊಳ್ಳುವ ದಾರಿ ತೆರೆದಿದ್ದರೆ ಸಾಕು.

ಪವರ್ ಸ್ಟೀರಿಂಗ್ ಬಂದು ಆ ದಾರಿ ಸ್ವಲ್ಪ ಕಿರಿದಾಯಿತು. ಮಾರಾಟದ ಕಾರಿನಲ್ಲಿ ಅದು ಮೊದಲು ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಆಯಿಲ್ ಒತ್ತಡದಿಂದ ಕೆಲಸ ಮಾಡುವ ಆ ಬಗೆಯ ಸ್ಟೀರಿಂಗ್‌ನಲ್ಲೂ, ಚೆನ್ನಾಗಿ ಹೊಂದಿಸಿದ್ದರೆ, ರಸ್ತೆಯ ಸುದ್ದಿ ಕೈಗೆ ಬರುತ್ತಿತ್ತು. 1988ರಲ್ಲಿ ಸುಜುಕಿ ಸೆರ್ವೋ ಅನ್ನುವ ಪುಟ್ಟ ಕಾರಿಗೆ ಎಲೆಕ್ಟ್ರಿಕ್ ಮೋಟಾರಿನ ಸಹಾಯ ಬಂತು. ಈಗ ಹೆಚ್ಚುಕಡಿಮೆ ಎಲ್ಲವೂ ಅದೇ. ಅದಕ್ಕೆ ಕಾರಣವೂ ಇದೆ. ಆಯಿಲ್ ಒತ್ತಡಕ್ಕಾಗಿ ಪಂಪು ಸದಾ ತಿರುಗುತ್ತಿರಬೇಕಿಲ್ಲ, ಇಂಧನ ಉಳಿಯುತ್ತದೆ, ಗಾಡಿ ತಾನೇ ಪಾರ್ಕ್ ಆಗಬೇಕು, ತಾನೇ ಲೇನ್ ಹಿಡಿಯಬೇಕು ಅಂದರೆ ಮೋಟಾರು ಬೇಕೇ ಬೇಕು. ಆದರೆ ಸ್ಟೀರಿಂಗ್ ಎಷ್ಟು ಭಾರ ಇರಬೇಕು ಅನ್ನುವುದನ್ನು ಈಗ ಟೈರಿನ ಜೊತೆಗೆ ಒಂದು ಪ್ರೋಗ್ರಾಮ್ ಕೂಡ ನಿರ್ಧರಿಸುತ್ತದೆ. ಕೆಲವು ಕಂಪನಿಗಳು ಇದನ್ನು ಬಹಳ ಚೆನ್ನಾಗಿ ಮಾಡಿವೆ, ಒಪ್ಪುತ್ತೇನೆ. ಇನ್ನು ಕೆಲವು ಗಾಡಿಗಳಲ್ಲಿ "ಸ್ಪೋರ್ಟ್" ಬಟನ್ ಒತ್ತಿದರೆ ಸ್ಟೀರಿಂಗ್ ಸುಮ್ನೆ ಗಟ್ಟಿಯಾಗುತ್ತದೆ ಅಷ್ಟೇ. ಭಾರ ಬಂತು, ಸುದ್ದಿ ಬರಲಿಲ್ಲ.

ಓಡಿಸುವ ಖುಷಿಯ ಮಾತು ಬಂದಾಗ ಕೆಲವು ಹೆಸರುಗಳು ಪದೇ ಪದೇ ಬರುತ್ತವೆ. ಅವುಗಳಲ್ಲಿ ಹಿರಿಯದು ಮಿನಿ. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಕಡಿಮೆ ಕುಡಿಯುವ, ಆದರೆ ನಿಜವಾದ ಕಾರು ಬೇಕು ಅಂತ ಬಿ.ಎಂ.ಸಿ. (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರಿಗೆ ಹೇಳಿತು. ಹತ್ತು ಅಡಿ ಉದ್ದದೊಳಗೆ ನಾಲ್ಕು ಜನ ಕೂರಬೇಕು. ಅವರು ಎಂಜಿನ್ನನ್ನು ಅಡ್ಡ ಮಲಗಿಸಿದರು, ಗೇರ್‌ಬಾಕ್ಸನ್ನು ಎಂಜಿನ್ ಕೆಳಗೆ ಆಯಿಲ್ ಸಂಪಿನೊಳಗೇ ಇಟ್ಟರು, ಹತ್ತು ಇಂಚಿನ ಚಕ್ರಗಳನ್ನು ನಾಲ್ಕು ಮೂಲೆಗೆ ತಳ್ಳಿದರು. ಸ್ಪ್ರಿಂಗ್ ಬದಲು ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರ್ ಕೋನ್ ಹಾಕಿದರು. 1959ರಲ್ಲಿ ಬಂದ ಆ ಗಾಡಿಗೆ ಇದ್ದದ್ದು 848 ಸಿಸಿ ಎಂಜಿನ್, 34 ಹಾರ್ಸ್‌ಪವರ್. ಇದೆಲ್ಲ ಮಾಡಿದ್ದು ಜಾಗ ಉಳಿಸಲು. ಆದರೆ ಚಕ್ರಗಳು ಮೂಲೆಯಲ್ಲಿ, ತೂಕ ಸುಮಾರು 600 ಕೆಜಿ, ರಬ್ಬರಿನ ಮೇಲೆ ಕೂತ ಗಿಡ್ಡ ಗಾಡಿ. ಅದು ತಿರುವಿನಲ್ಲಿ ಹೇಗೆ ತಿರುಗುತ್ತಿತ್ತು ಅಂದರೆ ರೇಸಿಂಗ್ ಕಾರು ಮಾಡುತ್ತಿದ್ದ ಜಾನ್ ಕೂಪರ್ ಕಣ್ಣಿಗೆ ಬಿತ್ತು. ಮಿನಿ ಕೂಪರ್ ಹುಟ್ಟಿತು. 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದಿತು. 1966ರಲ್ಲೂ ಮೊದಲು ಬಂದಿತ್ತು, ಹೆಡ್‌ಲೈಟಿನ ನಿಯಮ ಹೇಳಿ ಅನರ್ಹ ಮಾಡಿದರು. ಮೂಲ ಮಿನಿ 2000ದವರೆಗೂ ತಯಾರಾಗುತ್ತಲೇ ಇತ್ತು. ಖುಷಿ ಕೊಡಬೇಕು ಅಂತ ಯಾರೂ ಕೂತು ಯೋಜಿಸಲಿಲ್ಲ. ಹಗುರ, ಚಿಕ್ಕದು, ನೇರ. ಅದರ ಹಿಂದೆಯೇ ಖುಷಿ ಬಂತು.

ಹಗುರದ ಬಗ್ಗೆ ಹುಚ್ಚು ಹಿಡಿಸಿಕೊಂಡವರು ಲೋಟಸ್ ಕಟ್ಟಿದ ಕಾಲಿನ್ ಚಾಪ್‌ಮನ್. ಶಕ್ತಿ ಹೆಚ್ಚಿಸಿದರೆ ನೇರ ರಸ್ತೆಯಲ್ಲಿ ಮಾತ್ರ ಲಾಭ, ತೂಕ ಇಳಿಸಿದರೆ ಎಲ್ಲೆಡೆ ಲಾಭ ಅನ್ನುವುದು ಅವರ ದಾರಿ. ಅವರು 1982ರಲ್ಲಿ ತೀರಿಕೊಂಡರು. ಆದರೆ ಆ ದಾರಿಯ ಅತ್ಯಂತ ಶುದ್ಧ ಗಾಡಿ ಬಂದದ್ದು 1996ರಲ್ಲಿ, ಲೋಟಸ್ ಎಲಿಸ್. ಅಲ್ಯೂಮಿನಿಯಂ ಪಟ್ಟಿಗಳನ್ನು ಬೆಸುಗೆ ಹಾಕದೆ ಅಂಟಿನಿಂದ ಕೂಡಿಸಿ ಮಾಡಿದ ಚಾಸಿ. ಆ ಚಾಸಿಯ ತೂಕ 68 ಕೆಜಿ. ಅಂದರೆ ಒಬ್ಬ ಮನುಷ್ಯನಷ್ಟು! ಇಡೀ ಕಾರು ಸುಮಾರು 725 ಕೆಜಿ. ಎಂಜಿನ್ ಒಂದು ಸಾಮಾನ್ಯ ರೋವರ್ 1.8 ಲೀಟರ್. ಪವರ್ ಸ್ಟೀರಿಂಗ್ ಬೇಕಾಗಲೇ ಇಲ್ಲ. ಹತ್ತಿ ಇಳಿಯುವುದು ಒಂದು ಸಣ್ಣ ಸರ್ಕಸ್ಸು, ಮಳೆ ಬಂದರೆ ಬಟ್ಟೆಯ ಮಾಡನ್ನು ಕಷ್ಟಪಟ್ಟು ಹಾಕಬೇಕು. ಯಾರೂ ಅದಕ್ಕಾಗಿ ಅದನ್ನು ಬೈದದ್ದು ಕೇಳಿಲ್ಲ.

ಮಾಜ್ಡಾ ಎಂಎಕ್ಸ್-5ರ ಕಥೆ ಇನ್ನೊಂದು ಬಗೆ. ಅರವತ್ತರ ದಶಕದಲ್ಲಿ ಬ್ರಿಟಿಷ್ ಮತ್ತು ಇಟಾಲಿಯನ್ ಕಂಪನಿಗಳು ಮಾಡುತ್ತಿದ್ದ ಎರಡು ಸೀಟಿನ, ಮಾಡು ತೆರೆಯುವ ಸಣ್ಣ ಕಾರುಗಳು ಎಂಬತ್ತರ ಹೊತ್ತಿಗೆ ಬಹುತೇಕ ಮಾಯವಾಗಿದ್ದವು. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಕಾರು ಪತ್ರಕರ್ತ, ಮಾಜ್ಡಾದ ಕೆನಿಚಿ ಯಮಾಮೊಟೊ ಅವರ ಜೊತೆ ಮಾತಾಡುವಾಗ ಅಂಥದ್ದೊಂದು ಗಾಡಿ ಮಾಡಬಾರದೇಕೆ ಅಂದರು. ಮುಂದೆ ಅವರೇ ಮಾಜ್ಡಾ ಸೇರಿದರು. ಹತ್ತು ವರ್ಷದ ನಂತರ, 1989ರ ಫೆಬ್ರವರಿಯಲ್ಲಿ, ಶಿಕಾಗೋ ಕಾರು ಪ್ರದರ್ಶನದಲ್ಲಿ ಅದು ಹೊರಬಂತು. ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, 1.6 ಲೀಟರ್, ಸುಮಾರು 950 ಕೆಜಿ. ಹೊಸ ತಂತ್ರಜ್ಞಾನ ಅನ್ನುವಂಥದ್ದು ಏನೂ ಇಲ್ಲ. ಅವರು ಬೆವರು ಹರಿಸಿದ್ದು ಬೇರೆ ಕಡೆ. ಗೇರ್ ಲಿವರ್ ಎಷ್ಟು ಕಡಿಮೆ ದೂರ ಚಲಿಸಬೇಕು, ಹಾಕಿದಾಗ ಕೈಗೆ ಹೇಗೆ ತಾಗಬೇಕು, ಸೈಲೆನ್ಸರಿನಿಂದ ಎಂಥ ಸದ್ದು ಬರಬೇಕು. ಇಂಥವಕ್ಕೆಲ್ಲ ಎಂಜಿನಿಯರುಗಳು ತಲೆ ಕೆಡಿಸಿಕೊಂಡರು. 2016ರ ಹೊತ್ತಿಗೆ ಹತ್ತು ಲಕ್ಷ ಗಾಡಿ ತಯಾರಾಗಿದ್ದವು. ನನಗೆ ಇನ್ನೂ ಆಶ್ಚರ್ಯ ಅಂದರೆ 2015ರಲ್ಲಿ ಬಂದ ನಾಲ್ಕನೇ ತಲೆಮಾರು. ಏರ್‌ಬ್ಯಾಗು, ಹೊಸ ಸುರಕ್ಷತಾ ನಿಯಮಗಳು, ಸ್ಕ್ರೀನು ಎಲ್ಲ ಸೇರಿಯೂ ತೂಕ ಸುಮಾರು ಒಂದು ಟನ್ನಿನಲ್ಲೇ ನಿಂತಿದೆ. ಅದೇ ಕಾಲದಲ್ಲಿ ಉಳಿದ ಕಾರುಗಳು ಎಷ್ಟು ಊದಿಕೊಂಡವು ನೋಡಿ. 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಸುಮಾರು 810 ಕೆಜಿ ಇತ್ತು, 110 ಹಾರ್ಸ್‌ಪವರ್. ಈಗಿನದು ಅದಕ್ಕಿಂತ ಅರ್ಧ ಟನ್ನಿಗೂ ಜಾಸ್ತಿ ಭಾರ. ಅಂದಹಾಗೆ ಆ ಮೊದಲ ಜಿಟಿಐ ಐದು ಸಾವಿರ ಮಾತ್ರ ಮಾರಬಹುದು ಅಂತ ಕಂಪನಿಯ ಅಂದಾಜಿತ್ತು. ಆ ಒಂದು ತಲೆಮಾರೇ ನಾಲ್ಕೂವರೆ ಲಕ್ಷ ದಾಟಿತು. ಗೇರ್ ಲಿವರ್ ತುದಿಗೆ ಗಾಲ್ಫ್ ಚೆಂಡು, ಸೀಟಿಗೆ ಚೌಕುಳಿ ಬಟ್ಟೆ. ಎರಡೂ ಗುನ್‌ಹಿಲ್ಡ್ ಲಿಲಿಕ್ವಿಸ್ಟ್ ಎಂಬ ವಿನ್ಯಾಸಕಿಯ ಕಲ್ಪನೆ. ಹಾರ್ಸ್‌ಪವರ್ ಮರೆತವರಿಗೂ ಆ ಚೆಂಡು ನೆನಪಿದೆ.

ಇಷ್ಟು ಹೇಳಿದರೆ ಇದೆಲ್ಲ ಚುರುಕು ಗಾಡಿಗಳ ಮಾತು ಅನ್ನಿಸಬಹುದು. ಹಾಗಿಲ್ಲ. ನಿಧಾನದ ಗಾಡಿಗಳಲ್ಲಿ ಇರುವ ಮಜವೇ ಬೇರೆ.

ಸಿಟ್ರೋಯೆನ್ 2ಸಿವಿ ನೋಡಿ. ಉತ್ತ ಹೊಲದಲ್ಲಿ ಬುಟ್ಟಿ ಮೊಟ್ಟೆ ಇಟ್ಟುಕೊಂಡು ಹೋದರೂ ಒಂದೂ ಒಡೆಯಬಾರದು ಅನ್ನುವುದು ಕಂಪನಿಯ ಮುಖ್ಯಸ್ಥ ಪಿಯರ್ ಬುಲಾಂಜೆ ಇಟ್ಟ ಗುರಿ. 1948ರಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿದಾಗ ಅದಕ್ಕೆ ಇದ್ದದ್ದು 375 ಸಿಸಿ, ಬರೀ 9 ಹಾರ್ಸ್‌ಪವರ್. ಮುಂದಿನ ಚಕ್ರದ ಸಸ್ಪೆನ್ಷನ್ನನ್ನು ಅದೇ ಬದಿಯ ಹಿಂದಿನ ಚಕ್ರದ ಸಸ್ಪೆನ್ಷನ್ ಜೊತೆ ಜೋಡಿಸಿದ್ದರು. ಮುಂದಿನ ಚಕ್ರ ಗುಂಡಿಗೆ ಇಳಿದಾಗ ಹಿಂದಿನದಕ್ಕೆ ಮೊದಲೇ ಗೊತ್ತಾಗುತ್ತಿತ್ತು. ಶುರುವಿನ ಗಾಡಿಗಳಲ್ಲಿ ವೈಪರ್ ಓಡುತ್ತಿದ್ದದ್ದು ಸ್ಪೀಡೋಮೀಟರ್ ಕೇಬಲ್ಲಿನಿಂದ. ಗಾಡಿ ನಿಧಾನವಾದರೆ ವೈಪರೂ ನಿಧಾನ, ನಿಂತರೆ ಅದೂ ನಿಂತಿತು! ಇಂಥ ಗಾಡಿಯನ್ನು 1990ರವರೆಗೆ ಮಾಡಿದರು, ಜನ ಇವತ್ತಿಗೂ ಓಡಿಸುತ್ತಾರೆ. ಯಾಕೆ? 9 ಹಾರ್ಸ್‌ಪವರಿನ ಗಾಡಿಯಲ್ಲಿ ವೇಗ ಅನ್ನುವುದು ಉಳಿತಾಯದ ಹಣವಿದ್ದ ಹಾಗೆ. ಕಷ್ಟಪಟ್ಟು ಕೂಡಿಸಿದ್ದನ್ನು ಬ್ರೇಕ್ ಒತ್ತಿ ಖರ್ಚು ಮಾಡಲು ಮನಸ್ಸು ಬರುವುದಿಲ್ಲ. ಹಾಗಾಗಿ ಮುಂದಿನ ತಿರುವನ್ನು ದೂರದಿಂದಲೇ ನೋಡುತ್ತೀರಿ. ಏರು ಬರುವ ಮೊದಲೇ ಓಟ ಕಟ್ಟುತ್ತೀರಿ. ಸರಿಯಾದ ಹೊತ್ತಿಗೆ ಗೇರ್ ಇಳಿಸುತ್ತೀರಿ. ಎಕ್ಸಿಲೇಟರ್ ಪೂರ್ತಿ ಕೆಳಗೆ ಒತ್ತಿಯೂ ಯಾವ ಕಾನೂನನ್ನೂ ಮುರಿಯದೆ ಓಡಿಸುವ ಸುಖ ದೊಡ್ಡ ಗಾಡಿಯವರಿಗೆ ಸಿಗುವುದಿಲ್ಲ. ಮುನ್ನೂರು ಹಾರ್ಸ್‌ಪವರಿನ ಗಾಡಿಯಲ್ಲಿ ಎರಡನೇ ಗೇರಿನಲ್ಲೇ ಮಿತಿ ಮುಟ್ಟಿರುತ್ತೀರಿ. ಆಮೇಲೆ ಮಾಡುವುದೇನು?

1957ರ ಫಿಯಟ್ 500 ಕೂಡ ಇದೇ ಜಾತಿ. ಡಾಂಟೆ ಜಿಯಾಕೋಸಾ ರೂಪಿಸಿದ್ದು, 479 ಸಿಸಿ, 13 ಹಾರ್ಸ್‌ಪವರ್. ಅದರ ಗೇರ್‌ಬಾಕ್ಸಿನಲ್ಲಿ ಸಿಂಕ್ರೋಮೆಶ್, ಅಂದರೆ ಗೇರುಗಳ ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆ, ಇರಲಿಲ್ಲ. ಗೇರ್ ಇಳಿಸಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಸ್ವಲ್ಪ ರೇಸ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್ ಹಾಕಬೇಕು. ಹದ ತಪ್ಪಿದರೆ ಹಲ್ಲು ಕಡಿಯುವ ಸದ್ದು, ಇಡೀ ಬೀದಿಗೆ ಕೇಳುವಂತೆ. ಹದ ಸಿಕ್ಕಿದರೆ ಲಿವರ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಈಗ ಆ ಕೌಶಲ ಯಾರಿಗೂ ಬೇಕಿಲ್ಲ ನಿಜ. ಆದರೆ ಒಂದು ಯಂತ್ರದ ಜೊತೆ ಹದ ಕೂಡಿತು ಅನ್ನುವ ಆ ಅರೆಕ್ಷಣದ ಸಂತೋಷಕ್ಕೆ ಬದಲಿ ಸಿಕ್ಕಿಲ್ಲ.

ಟೊಯೋಟಾದ ಎಂಜಿನಿಯರ್ ತೆತ್ಸುಯಾ ತಾದಾ ಮಾಡಿದ ಕೆಲಸ ನನಗೆ ತುಂಬಾ ಹಿಡಿಸಿದ್ದು. ಸುಬಾರು ಜೊತೆ ಸೇರಿ 2012ರಲ್ಲಿ ತಂದ ಜಿಟಿ86ಕ್ಕೆ ಅವರ ತಂಡ ಅಗಲದ ರೇಸಿಂಗ್ ಟೈರ್ ಹಾಕಲಿಲ್ಲ. ಪ್ರಿಯಸ್‌ಗೆ ಹಾಕುತ್ತಿದ್ದ ಟೈರನ್ನೇ ಹಾಕಿತು. ಹೌದು, ಇಂಧನ ಉಳಿಸುವ ಹೈಬ್ರಿಡ್ ಕಾರಿನ ಟೈರು, ಸ್ಪೋರ್ಟ್ಸ್ ಕಾರಿಗೆ. ಹಿಡಿತ ಕಡಿಮೆ ಇದ್ದರೆ ಗಾಡಿ ಸಾಧಾರಣ ವೇಗದಲ್ಲೇ ಮೆಲ್ಲಗೆ ಜಾರಲು ಶುರು ಮಾಡುತ್ತದೆ, ಅದನ್ನು ಸ್ಟೀರಿಂಗಿನಿಂದಲೂ ಎಕ್ಸಿಲೇಟರಿನಿಂದಲೂ ತಿದ್ದುತ್ತಾ ಆಡಬಹುದು. ಅಗಲದ ಟೈರಿನ ಗಾಡಿ ಜಾರುವುದು ತುಂಬಾ ತಡವಾಗಿ, ಆ ಹೊತ್ತಿಗೆ ವೇಗ ಹೆದರುವಷ್ಟಿರುತ್ತದೆ. ರೇಸ್ ಟ್ರ್ಯಾಕಿನ ಗಡಿಯಾರ ನೋಡುವವರಿಗೆ ಇದು ಹಿಡಿಸಲಿಲ್ಲ. ಎಷ್ಟೋ ಮಾಲೀಕರು ಮೊದಲ ತಿಂಗಳಲ್ಲೇ ಟೈರ್ ಬದಲಿಸಿದರು. ನನ್ನ ಪ್ರಕಾರ ಅವರು ಗಾಡಿಯ ಅರ್ಧ ರುಚಿಯನ್ನು ತಾವೇ ತೆಗೆದು ಪಕ್ಕಕ್ಕಿಟ್ಟರು.

ಇನ್ನು ಊನವನ್ನೇ ಪ್ರೀತಿಸುವ ವಿಷಯ. ಪೋರ್ಷ 911ಕ್ಕಿಂತ ದೊಡ್ಡ ಉದಾಹರಣೆ ಇಲ್ಲ. 1963ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ 901 ಎಂಬ ಹೆಸರಲ್ಲಿ ಬಂತು. ನಡುವೆ ಸೊನ್ನೆ ಇರುವ ಮೂರಂಕಿ ಹೆಸರು ನಮ್ಮದು ಅಂತ ಪ್ಯೂಜೋ ಕಾರು ಕಂಪನಿ ತಗಾದೆ ತೆಗೆದ ಮೇಲೆ 911 ಆಯಿತು. ಎಂಜಿನ್ ಇರುವುದು ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಎಂಜಿನಿಯರಿಂಗ್ ಪುಸ್ತಕ ತೆರೆದರೆ ಎಂಜಿನ್ ಇಡಬಾರದ ಜಾಗ ಅದು. ತಿರುವಿನ ನಡುವೆ ಹೆದರಿ ಎಕ್ಸಿಲೇಟರಿನಿಂದ ಕಾಲು ತೆಗೆದರೆ ತೂಕ ಮುಂದಕ್ಕೆ ಸರಿದು ಹಿಂದಿನ ಟೈರುಗಳು ಹಗುರಾಗುತ್ತವೆ. ಆ ಭಾರವಾದ ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ. ಶುರುವಿನ ವರ್ಷಗಳಲ್ಲಿ ಇದು ಎಷ್ಟು ತೊಂದರೆ ಕೊಟ್ಟಿತೆಂದರೆ ಮುಂದಿನ ಬಂಪರಿನೊಳಗೆ ಕಬ್ಬಿಣದ ತೂಕ ಇಟ್ಟಿದ್ದರು. 1969ರ ಮಾದರಿಗೆ ಹಿಂದಿನ ಚಕ್ರಗಳನ್ನೇ 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. ಅಲ್ಲಿಂದ ಇಲ್ಲಿಯವರೆಗೆ ತಿದ್ದುತ್ತಲೇ ಇದ್ದಾರೆ. ಎಂಜಿನ್ ಜಾಗ ಮಾತ್ರ ಬದಲಿಸಿಲ್ಲ. ಬದಲಿಸಿದರೆ ಅದನ್ನು ಪ್ರೀತಿಸುವವರು ಬಿಡುವುದಿಲ್ಲ. ನಿಧಾನವಾಗಿ ಒಳಗೆ ಹೋಗಿ, ಬೇಗ ಹೊರಗೆ ಬಾ ಅನ್ನುವ ಶಿಸ್ತನ್ನು ಆ ಗಾಡಿ ಕಲಿಸುತ್ತದೆ. ಕಲಿತವರಿಗೆ ಅದು ತಮ್ಮದೇ ಗಳಿಕೆ ಅನ್ನಿಸುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೇ ಗಾಡಿಗಳ ಗುಣಗಾನ ಮಾಡುವವರು ಸಾಮಾನ್ಯವಾಗಿ ಅಪಘಾತದ ಮಾತು ಎತ್ತುವುದಿಲ್ಲ. ಮೂಲ ಮಿನಿಯಲ್ಲೋ ಫಿಯಟ್ 500ರಲ್ಲೋ ಡಿಕ್ಕಿ ಹೊಡೆದರೆ ನಿಮ್ಮ ಮೊಣಕಾಲಿಗೂ ಎದುರಿನ ಗಾಡಿಗೂ ನಡುವೆ ಇರುವುದು ತೆಳು ತಗಡು. ವೋಲ್ವೋದ ನಿಲ್ಸ್ ಬೋಲಿನ್ ಮೂರು ಕಡೆ ಹಿಡಿಯುವ ಸೀಟ್ ಬೆಲ್ಟ್ ಮಾಡಿದ್ದು 1959ರಲ್ಲಿ, ಮಿನಿ ಬಂದ ವರ್ಷವೇ. ಅದು ಎಲ್ಲ ಕಾರಿಗೂ ಮಾಮೂಲಾಗಲು ಎಷ್ಟೋ ವರ್ಷ ಹಿಡಿಯಿತು. ಕಾರುಗಳು ಭಾರವಾದದ್ದರಲ್ಲಿ ಒಂದು ಪಾಲು ನಮ್ಮ ಜೀವ ಉಳಿಸಲು ಸೇರಿದ ಉಕ್ಕು. ಆ ಪಾಲಿನ ಬಗ್ಗೆ ನನ್ನ ದೂರಿಲ್ಲ. ಅಗತ್ಯವಿಲ್ಲದೆ ಎತ್ತರವಾದ, ಅಗಲವಾದ ಗಾಡಿಗಳ ಬಗ್ಗೆ ಇದೆ.

ನಮ್ಮ ಮಾವನಿಗೆ ಈ ವಾದ ಒಂದೂ ಹಿಡಿಸುವುದಿಲ್ಲ. "ರಸ್ತೆ ಹೇಗಿದೆ ಅಂತ ನನ್ನ ಕೈಗೆ ಯಾಕಪ್ಪಾ ಗೊತ್ತಾಗಬೇಕು? ಗೊತ್ತಾಗದೇ ಇರಲಿ ಅಂತಲೇ ಅಲ್ವಾ ದೊಡ್ಡ ಗಾಡಿ ತಗೊಳ್ಳೋದು?" ಅನ್ನುತ್ತಾರೆ. ಅವರ ಪ್ರೀತಿಯ ಗಾಡಿ ಉದ್ದನೆಯ, ಮೆತ್ತನೆಯ, ಆಟೋಮ್ಯಾಟಿಕ್ ಸೆಡಾನ್. ಆರಾಮವಾಗಿ ಒರಗಿ, ಒಂದು ಬೆರಳಲ್ಲಿ ಸ್ಟೀರಿಂಗ್ ಹಿಡಿದು ದಿನವಿಡೀ ಹೋಗಬಲ್ಲರು. ಅದೂ ಓಡಿಸುವ ಸುಖವೇ, ಸುಳ್ಳು ಹೇಳಬಾರದು. ಅವರ ಪಂಗಡಕ್ಕೆ ಒಂದು ದೇವರಿದ್ದರೆ ಅದು 1955ರ ಸಿಟ್ರೋಯೆನ್ ಡಿಎಸ್. ಸ್ಪ್ರಿಂಗ್ ಬದಲು ಗೋಳಗಳಲ್ಲಿ ತುಂಬಿದ ನೈಟ್ರೋಜನ್ ಮತ್ತು ಆಯಿಲ್ ಒತ್ತಡ. ಸ್ಟಾರ್ಟ್ ಮಾಡಿದರೆ ಗಾಡಿ ಮೆಲ್ಲಗೆ ಮೇಲೇಳುತ್ತದೆ. 1962ರ ಆಗಸ್ಟಿನಲ್ಲಿ ಪ್ಯಾರಿಸ್ ಹೊರವಲಯದಲ್ಲಿ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಅವರ ಮೇಲೆ ಗುಂಡಿನ ದಾಳಿ ನಡೆದಾಗ ಟೈರುಗಳು ಒಡೆದರೂ ಅವರ ಡಿಎಸ್ ನಿಲ್ಲದೆ ಓಡಿ ಪಾರಾಯಿತು. ಆದರೆ ಮಾವನಿಗೆ ಹೇಳದ ಒಂದು ವಿಷಯ ಇದೆ. ಆ ಮೆತ್ತನೆಯ ಡಿಎಸ್‌ನಲ್ಲೂ ಬ್ರೇಕಿಗೆ ಪೆಡಲ್ ಬದಲು ಅಣಬೆಯಂಥ ರಬ್ಬರ್ ಗುಂಡಿ ಇತ್ತು. ಅದು ಎಷ್ಟು ಸೂಕ್ಷ್ಮ ಅಂದರೆ ಹೊಸಬರು ಒತ್ತಿದರೆ ಒಳಗಿದ್ದವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಿದ್ದರು. ಪಾದಕ್ಕೆ ಪಾಠ ಅಲ್ಲೂ ತಪ್ಪಲಿಲ್ಲ.

ಪ್ರೀತಿಯ ಇನ್ನೊಂದು ಬೇರು ಕಾಲ. ಇರ್ವ್ ಗಾರ್ಡನ್ ಎಂಬ ಅಮೆರಿಕದ ವಿಜ್ಞಾನ ಮೇಷ್ಟ್ರು 1966ರಲ್ಲಿ ಕೆಂಪು ಬಣ್ಣದ ವೋಲ್ವೋ ಪಿ1800 ಕೊಂಡರು. ಮನೆಯಿಂದ ಶಾಲೆಗೆ ಹೋಗಿ ಬರುವುದೇ ದಿನಕ್ಕೆ ಸುಮಾರು 200 ಕಿಲೋಮೀಟರ್. ರಜೆಯಲ್ಲಿ ಸುಮ್ನೆ ತಿರುಗಾಟ. 2013ರಲ್ಲಿ ಅಲಾಸ್ಕಾದಲ್ಲಿ ಅದೇ ಗಾಡಿ 30 ಲಕ್ಷ ಮೈಲಿ ಮುಟ್ಟಿತು. ಅವರು 2018ರಲ್ಲಿ ತೀರಿಕೊಂಡಾಗ 32 ಲಕ್ಷ ಮೈಲಿ ದಾಟಿತ್ತು, ಅಂದರೆ 51 ಲಕ್ಷ ಕಿಲೋಮೀಟರ್. ಒಬ್ಬರೇ ಮಾಲೀಕರು, ಒಂದೇ ಕಾರು, ಗಿನ್ನೆಸ್ ದಾಖಲೆ. ಇದರ ಹಿಂದಿನ ಮಾಯಮಂತ್ರ ಏನು ಅಂದರೆ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಹೇಳಿದ ಹೊತ್ತಿಗೆ ಆಯಿಲ್ ಬದಲಿಸುವುದು, ಏನಾದರೂ ಬೇರೆ ಸದ್ದು ಬಂದರೆ ಕೂಡಲೇ ನೋಡುವುದು. ಗ್ರೀಸ್‌ನ ಒಬ್ಬ ಟ್ಯಾಕ್ಸಿ ಚಾಲಕರು ತಮ್ಮ 1976ರ ಮರ್ಸಿಡಿಸ್ 240ಡಿಯನ್ನು 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಯ ಮ್ಯೂಸಿಯಂಗೆ ಕೊಟ್ಟರು. ಇಂಥವರ ಗಾಡಿ ಹೇಗೆ ತಿರುಗುತ್ತದೆ, ಎಷ್ಟು ಬೇಗ ಓಡುತ್ತದೆ ಅನ್ನುವುದು ಮುಖ್ಯವಾಗುವ ಹಂತ ದಾಟಿ ಹೋಗಿರುತ್ತದೆ. ಅಷ್ಟು ದೂರ ಒಟ್ಟಿಗೆ ಹೋದ ಮೇಲೆ ಎಂಜಿನ್ನಿನ ಪ್ರತಿ ಸದ್ದೂ ಗುರುತು. ಯಾವುದು ಮಾಮೂಲು, ಯಾವುದು ಹೊಸತು ಅಂತ ಮೆಕ್ಯಾನಿಕ್‌ಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಮೂರು ವರ್ಷಕ್ಕೊಮ್ಮೆ ಕಾರು ಬದಲಿಸುವವರಿಗೆ ಈ ಸಲುಗೆ ಬರುವುದೇ ಇಲ್ಲ.

ಎಲೆಕ್ಟ್ರಿಕ್ ಗಾಡಿಗಳು ಬಂದ ಮೇಲೆ ಈ ಖುಷಿ ಮುಗಿಯಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ನಿಂತಲ್ಲಿಂದ ಎದ್ದು ಓಡುವ ಪಿಕಪ್ ಮೊದಲ ವಾರ ಬೆರಗು ಹುಟ್ಟಿಸುತ್ತದೆ, ಎರಡನೇ ವಾರಕ್ಕೆ ಅಭ್ಯಾಸವಾಗುತ್ತದೆ. ನನಗೆ ಹಿಡಿಸಿದ್ದು ಅದಲ್ಲ. ಕಾಲು ತೆಗೆದಾಗ ಮೋಟಾರೇ ಬ್ರೇಕ್ ಹಿಡಿದು ಬ್ಯಾಟರಿಗೆ ಕರೆಂಟು ವಾಪಸ್ ಕಳಿಸುತ್ತದಲ್ಲ, ಅದು. ಸಿಗ್ನಲ್‌ನಲ್ಲಿ ಬ್ರೇಕ್ ಪೆಡಲ್ ಮುಟ್ಟದೆ, ಒಂದೇ ಪೆಡಲಿನಲ್ಲಿ ಗೆರೆಯ ಹತ್ತಿರ ಮೆತ್ತಗೆ ತಂದು ನಿಲ್ಲಿಸುವುದು ಒಂದು ಹೊಸ ಹದ. 2ಸಿವಿ ಓಡಿಸಿದವರ ಲೆಕ್ಕಾಚಾರವೇ, ಬೇರೆ ರೂಪದಲ್ಲಿ. ತೊಂದರೆ ಇರುವುದು ಬ್ಯಾಟರಿಯ ಭಾರದಲ್ಲಿ. ಹ್ಯುಂಡೈ ಐಯೋನಿಕ್ 5 ಎನ್ ಅನ್ನುವ ಗಾಡಿಗೆ 600 ದಾಟಿದ ಹಾರ್ಸ್‌ಪವರ್ ಇದೆ, ತೂಕ ಎರಡು ಟನ್ನಿಗಿಂತ ಜಾಸ್ತಿ. ಅದರಲ್ಲಿ ಗೇರ್‌ಗಳಿಲ್ಲ. ಆದರೂ ಸ್ಟೀರಿಂಗ್ ಹಿಂದೆ ಪ್ಯಾಡಲ್ ಇಟ್ಟು, ಎಳೆದರೆ ಗೇರ್ ಬದಲಾದಂತೆ ಒಂದು ಸಣ್ಣ ಕುಲುಕು, ಸ್ಪೀಕರಿನಿಂದ ಎಂಜಿನ್ ಸದ್ದು ಬರುವಂತೆ ಮಾಡಿದ್ದಾರೆ. ಮೊದಲು ಕೇಳಿದಾಗ ನಕ್ಕುಬಿಟ್ಟೆ. ಇಲ್ಲದ ಗೇರ್ ಹಾಕುವುದು ಎಂಥದು ಅಂತ. ಆಮೇಲೆ ಯೋಚಿಸಿದೆ. ತಿರುವಿಗೆ ಬರುವಾಗ ಕಣ್ಣು ಸ್ಪೀಡೋಮೀಟರಿಗೆ ಹೋಗದೆ ವೇಗ ಎಷ್ಟಿದೆ ಅಂತ ತಿಳಿಯುವುದು ಸದ್ದಿನಿಂದ, ಗೇರಿನಿಂದ. ಅದನ್ನು ಕಿತ್ತುಕೊಂಡ ಎಂಜಿನಿಯರುಗಳೇ ಅದು ಬೇಕಿತ್ತು ಅಂತ ಕಂಡುಕೊಂಡು, ಕಷ್ಟಪಟ್ಟು ಸುಳ್ಳಾದರೂ ಸರಿ ಅಂತ ವಾಪಸ್ ತಂದಿದ್ದಾರೆ. ನನಗಿಂತ ಚೆನ್ನಾಗಿ ನನ್ನ ವಾದ ಅವರೇ ಮಾಡಿದ್ದಾರೆ.

ಇತ್ತೀಚೆಗೆ ಗೆಳೆಯರು ಹೊಸ ಗಾಡಿಯ ಬ್ರೋಷರ್ ತೋರಿಸಿದರೆ ನಾನು ಮೊದಲು ಹುಡುಕುವುದು ತೂಕದ ಅಂಕಿ. ಬಹಳ ಸಲ ಅದು ಕೊನೆಯ ಪುಟದಲ್ಲಿ, ಅತಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಟೆಸ್ಟ್ ಡ್ರೈವ್‌ಗೆ ಹೋದರೆ ಮ್ಯೂಸಿಕ್ ಆಫ್ ಮಾಡಿಸುತ್ತೇನೆ. ಶೋರೂಮಿನವರು ನುಣುಪು ಹೆದ್ದಾರಿಗೆ ಕರೆದೊಯ್ಯಲು ನೋಡುತ್ತಾರೆ, ನಾನು ಗುಂಡಿ ಬಿದ್ದ ಒಳರಸ್ತೆ ಕೇಳುತ್ತೇನೆ. ಸಾಧಾರಣ ವೇಗದಲ್ಲಿ ಒಂದು ಉದ್ದ ತಿರುವು ಸಿಕ್ಕಿದರೆ ಸಾಕು, ಸ್ಟೀರಿಂಗಿನ ಭಾರ ಏರುವುದೋ ಇಲ್ಲವೋ ಗೊತ್ತಾಗುತ್ತದೆ. ಹತ್ತು ನಿಮಿಷದ ಕೆಲಸ. ಪಕ್ಕದಲ್ಲಿ ಕೂತ ಸೇಲ್ಸ್ ಹುಡುಗ ಅಷ್ಟರಲ್ಲಿ ಸನ್‌ರೂಫ್ ಬಟನ್ನನ್ನು ಎರಡು ಸಲ ತೋರಿಸಿರುತ್ತಾನೆ.